ನಾಲ್ಕು ಬೆರಳಿನಷ್ಟು ಪಟ್ಟಿ

ಹಾರ್ನೆಸ್ಸು ಬೆಳಗಿನಿಂದ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಅವನು ಅದರ ಸುತ್ತ ಸುಳಿದಾಡುತ್ತಿದ್ದನೇ ಹೊರತು ಕೈ ಹಾಕಿರಲಿಲ್ಲ. ಮೊದಲು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ, ಎಣ್ಣೆ ಬೇಕಿರಲಿಲ್ಲ. ಆಮೇಲೆ ಗೋಡೆಗೆ ತೂಗುಹಾಕಿದ ಕಪ್ಪು ನೈಲಾನ್ ಪಟ್ಟಿಯ ಸುರುಳಿಗಳನ್ನು ಅಗಲದ ಪ್ರಕಾರ ಜೋಡಿಸಿದ. ಅವು ಮೊದಲೇ ಹಾಗೆ ಇದ್ದವು. ಡಬ್ಬಿಯಲ್ಲಿದ್ದ ಉಕ್ಕಿನ ಬಕಲುಗಳನ್ನು ಮೇಜಿನ ಮೇಲೆ ಸುರಿದು, ಏನನ್ನೋ ಹುಡುಕುವವನಂತೆ ಕೆದಕಿ, ಮತ್ತೆ ತುಂಬಿದ. ಕಾರ್ಯಾಗಾರದಲ್ಲಿ ಯಾವಾಗಲೂ ಇರುವ ರಬ್ಬರಿನ, ಸುಟ್ಟ ನೈಲಾನಿನ ವಾಸನೆ ಇವತ್ತು ಯಾಕೋ ಹೊಸದಾಗಿ ಮೂಗಿಗೆ ಬಡಿಯುತ್ತಿತ್ತು. ಹಾರ್ನೆಸ್ಸು ಅಣ್ಣನದು. ಹೊಲಿದವನು ತಾನೇ. ನೀರು ತುಂಬಿದ ಗುಹೆಗಳೊಳಗೆ ಈಜುವವರು ಬೆನ್ನಿನ ಮೇಲೆ ಹೊರುವ ಉಸಿರಾಟದ ಯಂತ್ರವನ್ನೂ ಗಾಳಿಚೀಲವನ್ನೂ ಮೈಗೆ ಕಟ್ಟಿಹಿಡಿಯುವುದು ಈ ಪಟ್ಟಿಗಳೇ. ಎಷ್ಟೋ ವರ್ಷ ಕೆಸರು ನೀರು ಕುಡಿದು ಅದರ ಭುಜದ ಪಟ್ಟಿಗಳು ಅಣ್ಣನ ಭುಜದ ಬಾಗನ್ನೇ ಕಲಿತುಬಿಟ್ಟಿದ್ದವು. ಮೇಜಿನ ಮೇಲೆ ಅಂಗಾತ ಬಿದ್ದಾಗಲೂ ಚಪ್ಪಟೆಯಾಗದೆ, ಒಳಗೊಬ್ಬ ಅಗಲವಾದ ಮನುಷ್ಯ ಮಲಗಿದ್ದಾನೆ ಎನ್ನುವ ಹಾಗೆ ಉಬ್ಬಿ ನಿಂತಿದ್ದವು. ಆ ಅಗಲದ ಮನುಷ್ಯ ಈಗ ಎಲ್ಲಿಯೂ ಇಲ್ಲ. ಅವನ ಬದಲು ಇನ್ನು ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬರುತ್ತಾನೆ, ಅದೇ ದನಿ, ಅದೇ ಕುಚೋದ್ಯ, ಆದರೆ ಮೈ ಮಾತ್ರ ಯಾರದೋ.

ಅತ್ತಿಗೆ ಬೆಳಿಗ್ಗೆಯೇ ಫೋನು ಮಾಡಿದ್ದಳು. ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಳು ಅನ್ನುವುದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಈಚೆಗೆ ಅವಳ ಫೋನುಗಳೆಲ್ಲ ನೀರಿನ ಸದ್ದಿನ ಹಿಂದಿನಿಂದಲೇ ಬರುತ್ತವೆ.

"ಇವತ್ತು ಕರ್ಕೊಂಡು ಬರ್ತೀನಿ. ನೀನು ಮಾಮೂಲಿ ಥರ ಇರು, ಅಷ್ಟೆ."

"ಇದೆಲ್ಲ ಬೇಕಾ ಅತ್ತಿಗೆ? ಆ ಮೈಗೆ ಹಾರ್ನೆಸ್ ಹಾಕಿ ಏನು ಮಾಡೋದು?"

"ಬೇಕೋ ಬೇಡವೋ ಅಂತ ಯೋಚನೆ ಮಾಡೋಕೆ ನಾನು ಹೋಗಿಲ್ಲ. ಆ ಗುಹೆ ಮಾತು ಬಂದರೆ ಎದ್ದು ಕೂತ್ಕೋತಾರೆ. ಎರಡು ತುತ್ತು ಜಾಸ್ತಿ ತಿಂತಾರೆ. ನನಗೆ ಅಷ್ಟು ಸಾಕು. ಅಳತೆ ತೆಗಿ, ಈಗಿನ ಮೈಗೆ ಬಿಗಿ ಮಾಡು, ಉಳಿದ ಪಟ್ಟೀನ ಮಡಿಚಿಡು. ತೂಕ ಬಂದ ಮೇಲೆ ಬಿಚ್ಚಿಕೊಳ್ಳೋಣ ಅಂತ ನಿನ್ನ ಬಾಯಲ್ಲೇ ಹೇಳು. ನೀನು ಹೇಳಿದರೆ ನಂಬ್ತಾರೆ. ನನ್ನ ಮುಖ ನೋಡಿದರೆ ಈಗೀಗ ಅನುಮಾನ ಪಡ್ತಿದಾರೆ."

"ಹೂಂ."

"ಬರೀ ಹೂಂ ಅನ್ನಬೇಡ. ಆಗುತ್ತಾ ನಿನ್ನ ಕೈಲಿ?"

ಆಗುತ್ತೆ ಅಂದಿದ್ದ. ಹಾಗೆ ಅಂದದ್ದು ಎಷ್ಟು ಸುಲಭವಾಗಿತ್ತೆಂದರೆ ಫೋನು ಇಟ್ಟ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಡಾಕ್ಟರು ಅವರಿಬ್ಬರನ್ನೂ ವಾರ್ಡಿನ ಹೊರಗೆ ಕರೆದು, ಇನ್ನು ಔಷಧಿಯಿಂದ ಆಗುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಾಗದ ಹಾಗೆ ನೋಡಿಕೊಳ್ಳಿ, ಈ ಬೇಸಿಗೆ ದಾಟಿದರೆ ಹೆಚ್ಚು ಅಂದಾಗಲೂ ಅವನು ಹೂಂ ಅಂದಿದ್ದ. ಆ ಮಾತು ನಡೆಯುತ್ತಿದ್ದಾಗ ಅವನ ಕಣ್ಣು ಇದ್ದದ್ದು ಡಾಕ್ಟರ ಭುಜದ ಮೇಲೆ. ಎಡಭುಜ ಬಲಕ್ಕಿಂತ ಕೊಂಚ ಇಳಿಜಾರು. ಇವರಿಗೆ ಹೊಲಿಯುವುದಾದರೆ ಎಡಪಟ್ಟಿಯನ್ನು ಕುತ್ತಿಗೆಗೆ ಹತ್ತಿರ ತರಬೇಕು, ಇಲ್ಲದಿದ್ದರೆ ಜಾರುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಅಣ್ಣನ ಸಾವಿನ ಸುದ್ದಿ ಕೇಳುತ್ತಾ ಡಾಕ್ಟರಿಗೆ ಪಟ್ಟಿ ಹೊಲಿಯುತ್ತಿದ್ದ. ಪಕ್ಕದಲ್ಲಿ ಅತ್ತಿಗೆ ಗೋಡೆಗೆ ಒರಗಿ, ಅವರಿಗೆ ಹೇಳಬೇಡಿ, ದಯವಿಟ್ಟು ಅವರಿಗೆ ಮಾತ್ರ ಹೇಳಬೇಡಿ, ಅಂದಳು. ಯಾರೂ ಹೇಳಲಿಲ್ಲ. ಔಷಧಿ ಮುಗಿಯಿತು, ಇನ್ನು ನಿಧಾನವಾಗಿ ತೂಕ ಬರುತ್ತದೆ, ಅಂತ ಹೇಳಿದರು. ಅಣ್ಣ ತಲೆಯಾಡಿಸಿ, ಹಾಗಾದರೆ ಮಳೆ ಬೀಳುವ ಮೊದಲು ಒಂದು ಸಲ ಒಳಗೆ ಹೋಗಿಬರಬಹುದು, ಅಂದ. ಒಳಗೆ ಎಂದರೆ ಗುಹೆಗೆ. ಅವನಿಗೆ ಒಳಗೆ ಎನ್ನುವ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಮನೆಯಲ್ಲಿದ್ದಾಗಲೆಲ್ಲ ಅವನು ಹೊರಗೇ ಇರುತ್ತಿದ್ದ.

ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ, ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ ತಮ್ಮನ ತಲೆಯೊಳಗೆ ಇನ್ನೊಂದು ಮಾತು ಹಾದುಹೋಗಿತ್ತು. ಅದನ್ನು ಅವನು ಯಾರಿಗೂ ಹೇಳಿಲ್ಲ, ತನಗೇ ಇನ್ನೊಮ್ಮೆ ಹೇಳಿಕೊಂಡಿಲ್ಲ. ಇನ್ನು ಮೇಲೆ ನನ್ನನ್ನು ಬೆಂಡು ಅನ್ನುವವರು ಯಾರೂ ಇರುವುದಿಲ್ಲ. ಅಷ್ಟೇ. ಅದರ ಜೊತೆಗೆ ಎದೆಯಲ್ಲಿ ಏನೋ ಸಡಿಲವಾಯಿತು, ಬಿಗಿಯಾದ ಬಕಲು ಒಂದು ತೂತು ಹಿಂದಕ್ಕೆ ಸರಿದ ಹಾಗೆ. ಆಮೇಲೆ ಅವನು ಒಂದು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದ. ಬೆಂಡು ಎಂಬ ಹೆಸರಿಟ್ಟವನು ಅಣ್ಣನೇ. ಹೆಸರು ಬಂದದ್ದು ಒಂದೇ ಒಂದು ಸಲ ಇವನು ಗುಹೆಯೊಳಗೆ ಹೋದ ದಿನ. ಎಷ್ಟೋ ಜನರಿಗೆ ಹೊಲಿದುಕೊಟ್ಟವನು ಒಮ್ಮೆ ತೊಟ್ಟು ನೋಡದಿದ್ದರೆ ಹೇಗೆ ಎಂದು ಅಣ್ಣನೇ ಹುರಿದುಂಬಿಸಿ ಕರೆದುಕೊಂಡು ಹೋಗಿದ್ದ. ದಾರಿಗಾಗಿ ಕಟ್ಟಿದ ದಾರ ಬೆರಳುಗಳ ನಡುವೆ ಹಾಯುತ್ತಿತ್ತು, ಮುಂದೆ ಅಣ್ಣನ ಕಾಲುಗಳು, ಸೂರು ಮೆಲ್ಲಗೆ ತಗ್ಗುತ್ತಾ ಬಂತು. ಒಂದು ಕಡೆ ಯಾರ ಕಾಲು ತಾಗಿತೋ, ಕೆಸರೆದ್ದು ಅಣ್ಣನ ಕಾಲುಗಳು ಕಾಣದಾದವು. ಅಷ್ಟಕ್ಕೇ ಅವನ ಹೆಬ್ಬೆರಳು ಗಾಳಿಚೀಲದ ಗುಂಡಿ ಒತ್ತಿಬಿಟ್ಟಿತು. ಚೀಲ ಉಬ್ಬಿತು. ಅವನು ಮೇಲೆದ್ದು, ಮೇಲೆ ಆಕಾಶವಿಲ್ಲದ್ದರಿಂದ, ಗುಹೆಯ ಸೂರಿಗೆ ಬೆನ್ನು ಅಂಟಿಸಿಕೊಂಡು ಒದ್ದಾಡಿದ. ಎಷ್ಟು ಹೊತ್ತು ಅನ್ನುವುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಒಂದು ಕೈ ಬಂದು ಅವನ ಮೊಣಕೈ ಹಿಡಿಯಿತು. ಇನ್ನೊಂದು ಕೈ ಚೀಲದ ಗಾಳಿ ಬಿಟ್ಟಿತು. ಹಿಡಿದ ಕೈ ದಿನದ ಬೆಳಕು ಕಾಣುವ ತನಕ ಬಿಡಲಿಲ್ಲ. ಆ ದಿನ ಸಂಜೆ ಊಟದ ಮೇಜಿನಲ್ಲಿ ಎಲ್ಲರೆದುರಿಗೆ ಅಣ್ಣ, ನಮ್ಮ ತಮ್ಮ ಬೆಂಡಿನ ಥರ ತೇಲಿಬಿಟ್ಟ, ಗುಹೆಗೇ ಮುಚ್ಚಳ ಹಾಕೋಕೆ ಹೊರಟಿದ್ದ, ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೂ ನಕ್ಕ. ಮೊಣಕೈ ಹಿಡಿದಿದ್ದ ಆ ಕೈ ನಡುಗುತ್ತಿತ್ತು. ನಡುಗಿದ್ದು ಅಣ್ಣನ ಕೈಯೋ ತನ್ನ ಮೊಣಕೈಯೋ ಎಂದು ಕೇಳಬೇಕೆಂದು ಅವನಿಗೆ ಆಗಲೂ ಅನಿಸಿತ್ತು, ಆಮೇಲೆಯೂ ಎಷ್ಟೋ ಸಲ ಅನಿಸಿತ್ತು. ನಗುವಿನ ಮಧ್ಯೆ ಕೇಳುವ ಪ್ರಶ್ನೆಯಾಗಿರಲಿಲ್ಲ ಅದು.

ಆದರೆ ಈ ಕೆಲಸವನ್ನು ಕೈಹಿಡಿದು ಕಲಿಸಿದವನೂ ಅಣ್ಣನೇ ಎನ್ನುವುದನ್ನು ಅಲ್ಲಗಳೆಯುವಂತಿರಲಿಲ್ಲ. ಹೊಲಿಗೆ ಇವನದು, ಬುದ್ಧಿ ಅಣ್ಣನದು. ನೆಲದ ಮೇಲೆ ನಿಂತ ಮೈ ಬೇರೆ, ನೀರಿನಲ್ಲಿ ಅಡ್ಡ ಮಲಗಿದ ಮೈ ಬೇರೆ, ಆದ್ದರಿಂದ ನೀರಿಗಿಳಿಸದೆ ಅಳತೆ ಮುಗಿಯಿತು ಅನ್ನಬೇಡ. ಕಣ್ಣು ಮುಚ್ಚಿ ಮುಟ್ಟಿದರೆ ಕೈಗೆ ಸಿಗದ, ದೀಪ ಸಿಕ್ಕಿಸುವ ಉಕ್ಕಿನ ಬಳೆ ಇದ್ದೂ ಇಲ್ಲದ ಹಾಗೆ. ಎಲ್ಲಕ್ಕಿಂತ ಮುಖ್ಯ, ಬಾಲ ಬಿಡಬೇಡ. ಪಟ್ಟಿ ಬಕಲು ಹಾದು ಹೊರಬಂದ ಮೇಲೆ ಉಳಿಯುವ ತುದಿಗೆ ಅವರು ಬಾಲ ಅನ್ನುತ್ತಿದ್ದರು. ಜೋತುಬಿದ್ದ ಬಾಲಕ್ಕೆ ದಾರ ಸುತ್ತಿಕೊಂಡು ಕತ್ತಲಲ್ಲಿ ಸಿಕ್ಕಿಹಾಕಿಕೊಂಡಿದ್ದ ಒಬ್ಬನನ್ನು ಅಣ್ಣನೇ ಹೋಗಿ ಬಿಡಿಸಿ ತಂದಿದ್ದ. ಅಂದಿನಿಂದ ನಾಲ್ಕು ಬೆರಳಿಗಿಂತ ಹೆಚ್ಚು ಬಾಲವಿಟ್ಟ ಯಾವ ಹಾರ್ನೆಸ್ಸೂ ಈ ಬಾಗಿಲು ದಾಟಿ ಹೋಗಿಲ್ಲ. ಅಳತೆ ಕೂಡಿತೆಂದರೆ ಕತ್ತರಿ, ಕತ್ತರಿಯ ಹಿಂದೆಯೇ ಬೆಂಕಿ, ಬೆಂಕಿಯ ಹಿಂದೆ ಹೆಬ್ಬೆರಳು. ಇದಕ್ಕೆ ವಿನಾಯಿತಿ ಒಂದೇ. ಮೈ ಇನ್ನೂ ಬದಲಾಗುವವರಿಗೆ ಕತ್ತರಿಸುವಂತಿಲ್ಲ. ಬೆಳೆಯುವ ವಯಸ್ಸಿನವರು, ಬಾಣಂತನ ಮುಗಿಸಿ ಬಂದವರು, ಕಾಯಿಲೆಯಿಂದ ಎದ್ದವರು. ಅಂಥವರಿಗೆ ಉಳಿದ ಪಟ್ಟಿಯನ್ನು ಮಡಿಚಿ, ರಬ್ಬರಿನ ಬಳೆಯೊಳಗೆ ತೂರಿಸಿ ಕಳಿಸಬೇಕು. "ಮೈ ಬದಲಾಗೋರಿಗೆ ಮಡಿಚು, ಮೈ ಮುಗಿದೋರಿಗೆ ಕತ್ತರಿಸು" ಅಂದಿದ್ದ ಅಣ್ಣ. ಹೇಳಿ, ತಾನು ಹೇಳಿದ್ದಕ್ಕೆ ತಾನೇ ಮೆಚ್ಚಿ ನಕ್ಕಿದ್ದ.

ಬಾಗಿಲ ಬಳಿ ಕಾರು ನಿಂತ ಸದ್ದಾಯಿತು. ಅವನು ಓಡಿಹೋಗಿ ಬಾಗಿಲು ತೆರೆಯಬೇಕಿತ್ತು, ತೆರೆಯಲಿಲ್ಲ. ಹಾರ್ನೆಸ್ಸನ್ನು ಎತ್ತಿಕೊಂಡು ಕೆಲಸದಲ್ಲಿ ಮುಳುಗಿದವನಂತೆ ನಿಂತ. ಹೊರಗಿನ ಎರಡು ಮೆಟ್ಟಿಲು ಹತ್ತಲು ಅವರಿಗೆ ಹಿಡಿದ ಹೊತ್ತು ಅವನಿಗೆ ಒಳಗೆ ಕೇಳುತ್ತಿತ್ತು. ಮೊದಲು ಕೋಲು, ಆಮೇಲೆ ಒಂದು ಕಾಲು, ಆಮೇಲೆ ಅತ್ತಿಗೆಯ ದನಿ, ನಿಧಾನ ಕಣ್ರೀ, ಆಮೇಲೆ ಇನ್ನೊಂದು ಕಾಲು. ಅಣ್ಣ ಒಳಗೆ ಬಂದು ಸುತ್ತ ನೋಡಿದ. ದಪ್ಪ ಕೋಟು ಹಾಕಿದ್ದ, ಅದರೊಳಗೆ ಅವನನ್ನು ಹುಡುಕಬೇಕಾಗಿತ್ತು.

"ಏನೋ ಬೆಂಡು, ಇನ್ನೂ ಈ ಗೋಡೆಗೆ ಬಣ್ಣ ಹೊಡೆಸಿಲ್ವಾ? ನಾನು ಸತ್ತ ಮೇಲೆ ಹೊಡೆಸ್ತೀಯಾ?"

ಅತ್ತಿಗೆ ತಟಕ್ಕನೆ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದಳು. ಕಾಯಿಲೆಗೆ ಮೊದಲೂ ಅಣ್ಣ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದ, ಆಗ ಇವನು ಥಟ್ಟನೆ ಉತ್ತರ ಕೊಡುತ್ತಿದ್ದ, ಏನು ಉತ್ತರ ಅನ್ನುವುದೇ ಈಗ ನೆನಪಿಗೆ ಬರಲಿಲ್ಲ. "ಮುಂದಿನ ತಿಂಗಳು ಹೊಡೆಸ್ತೀನಿ," ಅಂದ. ಅದು ಉತ್ತರವೇ ಅಲ್ಲ ಎಂದು ಮೂವರಿಗೂ ಗೊತ್ತಾಯಿತು. ಅಣ್ಣ ಅವನನ್ನು ಒಂದು ಕ್ಷಣ ನೋಡಿ, ಕೋಟು ಬಿಚ್ಚಲು ಶುರುಮಾಡಿದ.

ಗುಹೆಗೆ ಹೋಗುವಾಗ ತೊಡುವ, ನೀರು ಒಳಗೆ ಬಿಡದ ದಪ್ಪ ಸೂಟನ್ನು ತೊಡಿಸುವುದಕ್ಕೆ ಇಬ್ಬರೂ ಬೇಕಾದರು. ಹಿಂದೆ ಅದು ಅಣ್ಣನ ಮೈಗೆ ಇನ್ನೊಂದು ಚರ್ಮದಂತೆ ಕೂತುಕೊಳ್ಳುತ್ತಿತ್ತು, ಈಗ ಪಕ್ಕೆಯಲ್ಲಿ, ತೊಡೆಯಲ್ಲಿ ನೆರಿಗೆ ನೆರಿಗೆಯಾಗಿ ನಿಂತಿತು. ಅವನು ಹಾರ್ನೆಸ್ಸನ್ನು ಭುಜಕ್ಕೇರಿಸಿ ಎಳೆಯತೊಡಗಿದ. ಎರಡು ಭುಜಪಟ್ಟಿಗಳ ತುದಿ ಸೊಂಟದ ಎರಡು ಬದಿಯ ಬಕಲುಗಳಲ್ಲಿ ಹೊರಬರುತ್ತಿದ್ದವು. ಎಳೆದ, ಇನ್ನೂ ಎಳೆದ, ಪಟ್ಟಿ ಬರುತ್ತಲೇ ಇತ್ತು. ಬಾವಿಯಿಂದ ಹಗ್ಗ ಸೇದಿದಂತೆ ಬರುತ್ತಲೇ ಇತ್ತು. ಎಲ್ಲಿ ನಿಲ್ಲುತ್ತದೆ ಎಂದು ಅವನಿಗೆ ಭಯವಾಯಿತು. ಕೊನೆಗೆ ಪಟ್ಟಿಯ ಕೆಳಗೆ ಏನೋ ಗಟ್ಟಿಯಾದದ್ದು ತಾಗಿ ನಿಂತಾಗ ಅದು ಮೂಳೆ ಎಂದು ಬೆರಳಿಗೆ ಮೊದಲು ಗೊತ್ತಾಯಿತು, ಅವನಿಗೆ ಆಮೇಲೆ. ಚಿಕ್ಕಂದಿನಲ್ಲಿ ಈ ಮೈಯ ಪಕ್ಕದಲ್ಲಿಯೇ ಮಲಗುತ್ತಿದ್ದ. ಹೊದಿಕೆಯನ್ನೆಲ್ಲ ಅಣ್ಣ ಎಳೆದುಕೊಳ್ಳುತ್ತಿದ್ದ, ಇವನು ಚಳಿಗೆ ಆ ಬೆನ್ನಿಗೆ ಅಂಟಿಕೊಂಡು ನಿದ್ದೆ ಮಾಡುತ್ತಿದ್ದ, ಬೆಳಿಗ್ಗೆ ಎದ್ದು ಅದೇ ಬೆನ್ನಿಗೆ ಗುದ್ದುತ್ತಿದ್ದ. ಎರಡು ಬಾಲಗಳೂ ಈಗ ಮೊಣಕಾಲ ತನಕ ಜೋತಾಡುತ್ತಿದ್ದವು. ಅತ್ತಿಗೆ ಅವುಗಳನ್ನೇ ನೋಡುತ್ತಿದ್ದಳು. ಹೇಳಬೇಕಾದ ಮಾತನ್ನು ಈಗ ಹೇಳಬೇಕು ಎಂದು ಅವಳ ಕಣ್ಣು ಹೇಳಿತು.

"ಇಷ್ಟು ಉಳೀತು ನೋಡು," ಅಂದ ಅವನು. "ತೂಕ ಬಂದ ಮೇಲೆ ಬಿಚ್ಚಿಕೊಳ್ಳೋಣ."

ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸುವ ದನಿಯಲ್ಲಿ ಬಂತು ಅದು. ಅಣ್ಣ ಮುಗುಳ್ನಕ್ಕ. "ಬಿಚ್ಚೋಣಂತೆ. ಈಗ ಕಣ್ಣು ಮುಚ್ಚಿ ನೋಡ್ತೀನಿ ತಾಳು."

ಕಣ್ಣು ಮುಚ್ಚಿ ಅವನು ಕೈಗಳನ್ನು ಎದೆಗೆ ತಂದ. ದೀಪ ಸಿಕ್ಕಿಸುವ ಬಳೆ, ಬದಲಿ ಗಾಳಿಯ ಕೊಳವೆ, ಚೀಲದ ಗುಂಡಿ, ಒಂದೊಂದನ್ನೂ ಕತ್ತಲಲ್ಲಿ ಮುಟ್ಟಿ ಗುರುತಿಸಬೇಕು; ಸಾವಿರ ಸಲ ಮಾಡಿದ್ದು. ಬಲಗೈ ಹೋಗಿ ಗಾಳಿಯಲ್ಲಿ ನಿಂತಿತು. ಬಳೆ ಇದ್ದ ಜಾಗಕ್ಕೇ ಹೋಗಿತ್ತು ಅದು, ಆದರೆ ಆ ಜಾಗ ಹಳೆಯ ಎದೆಯ ಮೇಲಿತ್ತು, ಹೊಸ ಎದೆ ಎಷ್ಟೋ ಹಿಂದಕ್ಕೆ ಹೋಗಿತ್ತು. ಬೆರಳುಗಳು ಅಲ್ಲಿಯೇ ಒಂದೆರಡು ಸಲ ಮಡಿಚಿ ಬಿಚ್ಚಿ, ಏನೂ ಸಿಗದೆ, ಆಮೇಲೆ ಮೆಲ್ಲಗೆ, ಅಪರಿಚಿತರ ಮನೆಯಲ್ಲಿ ಸ್ವಿಚ್ಚು ಹುಡುಕಿದಂತೆ ತಡಕಾಡುತ್ತ ಬಂದು ಬಳೆಯನ್ನು ಹಿಡಿದವು. ಅಣ್ಣ ಕಣ್ಣು ತೆರೆಯಲಿಲ್ಲ. ತೆರೆದರೆ ಯಾರಾದರೂ ನೋಡಿದ್ದಾರೆಂದು ಗೊತ್ತಾಗಿಬಿಡುತ್ತದೆ ಅನ್ನುವ ಹಾಗೆ ಹಾಗೆಯೇ ನಿಂತಿದ್ದ. ಇವನು ಸೀಮೆಸುಣ್ಣದಿಂದ ಪಟ್ಟಿಯ ಮೇಲೆ ಹೊಸ ಗುರುತು ಹಾಕುತ್ತ, "ಬಳೆ ನಾನು ಒಂಚೂರು ಹೊರಗೆ ಕೂರಿಸಿದ್ದೆ ಆವತ್ತೇ, ನಂದೇ ತಪ್ಪು," ಅಂದ. ಸುಳ್ಳು ಚೆನ್ನಾಗಿ ಬಂತು. ಅತ್ತಿಗೆ ಕೃತಜ್ಞತೆಯಿಂದ ನೋಡಿದಳು, ಆ ನೋಟ ಅವನಿಗೆ ಹಿಡಿಸಲಿಲ್ಲ.

ನೀರಿಗಿಳಿಯುವುದು ಬೇಡ ಎಂದು ಅವಳು ಗೋಗರೆದಳು. ಅಣ್ಣ ಕೇಳಲಿಲ್ಲ. ಕಾರ್ಯಾಗಾರದ ಹಿಂದೆ, ತಗಡಿನ ಮಾಡಿನ ಕೆಳಗೆ ಎದೆಮಟ್ಟದ ಸಿಮೆಂಟಿನ ತೊಟ್ಟಿ ಇತ್ತು. ಇಲ್ಲಿ ಹೊಲಿದದ್ದೆಲ್ಲ ಅದರೊಳಗೆ ಒಮ್ಮೆ ಮಲಗಿ ಎದ್ದೇ ಹೋಗಬೇಕು. ಬೆಳಿಗ್ಗೆಯೇ ಅದಕ್ಕೆ ಬಿಸಿನೀರು ಬಿಟ್ಟಿದ್ದ. ಬೆನ್ನಿಗೆ ಯಂತ್ರ ಏರಿಸಿ, ಮುಖವಾಡ ಹಾಕಿಸಿ, ಇಬ್ಬರೂ ಆಚೀಚೆ ಹಿಡಿದು ಏಣಿ ಇಳಿಸಿದರು. ಅಣ್ಣ ಬಾಯಿಗೆ ಕೊಳವೆ ಕಚ್ಚಿಕೊಂಡು, ಮೆಲ್ಲಗೆ ಮುಂದಕ್ಕೆ ಬಾಗಿ, ಮುಖವನ್ನು ನೀರಿಗಿಟ್ಟು ಮಲಗಿದ. ಅವನ ಕೈ ಇವರಿಬ್ಬರ ಹಿಡಿತದಿಂದ ಬಿಟ್ಟುಹೋಯಿತು. ನೀರು ಒಂದು ಸಲ ಕುಲುಕಿ ನಿಂತಿತು. ಆಮೇಲೆ ಏನೂ ಇಲ್ಲ. ತೊಟ್ಟಿಯ ಅಂಚಿನಲ್ಲಿ ನಿಂತ ಇಬ್ಬರೂ ಕೆಳಗೆ ನೋಡುತ್ತಿದ್ದರು. ಬೋರಲಾಗಿ, ಕೈಗಳನ್ನು ಮುಂದೆ ಜೋಡಿಸಿಕೊಂಡು, ಅಲ್ಲಾಡದೆ ತೇಲುತ್ತಿದ್ದ ಒಂದು ಮೈ.

"ಗುಳ್ಳೆ ಬರ್ತಿಲ್ಲ," ಅಂದಳು ಅತ್ತಿಗೆ.

"ಬರಲ್ಲ ಅತ್ತಿಗೆ. ಈ ಯಂತ್ರದಲ್ಲಿ ಗುಳ್ಳೆ ಬರಲ್ಲ. ಬಿಟ್ಟ ಉಸಿರನ್ನೇ ತೊಳೆದು ವಾಪಸ್ ಕೊಡುತ್ತೆ. ಹೊರಗೆ ಏನೂ ಬಿಡಲ್ಲ."

"ಮತ್ತೆ ಉಸಿರಾಡ್ತಿದಾರೆ ಅಂತ ಹೇಗೆ ಗೊತ್ತಾಗೋದು?"

ಇಷ್ಟು ವರ್ಷ ಗಂಡನ ಜೊತೆ ಬಾಳಿದವಳು ಅವನು ನೀರಿನಲ್ಲಿದ್ದಾಗ ಒಮ್ಮೆಯೂ ಮೇಲೆ ನಿಂತು ನೋಡಿರಲಿಲ್ಲ ಎನ್ನುವುದು ಇವನಿಗೆ ಈಗ ಹೊಳೆಯಿತು. ಹಗುರ ಮೈಯಾದ್ದರಿಂದ ಉಸಿರಿಗೆ ಬೆನ್ನು ಏಳಬೇಕು, ಇಳಿಯಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಎದ್ದಂತೆಯೂ ಇತ್ತು, ನೀರೇ ಅಲ್ಲಾಡಿದಂತೆಯೂ ಇತ್ತು. ಹಾಗೇ ಇದ್ದುಬಿಟ್ಟರೆ? ಈಗ, ಹೀಗೆ, ತನ್ನ ಬಿಸಿನೀರಿನಲ್ಲಿ, ತನ್ನ ಪಟ್ಟಿಗಳೊಳಗೆ, ಬೇಸಿಗೆ ಕಾಯದೆ, ಮಂಚ ಹಿಡಿಯದೆ? ಆಗಿಹೋಗಲಿ ಅನ್ನಿಸಿತು. ಆ ಅನ್ನಿಸಿಕೆಯಲ್ಲಿ ಅಣ್ಣನ ಮೇಲಿನ ಕನಿಕರ ಎಷ್ಟು, ಈ ನಾಟಕ ಇವತ್ತಿಗೇ ಮುಗಿದರೆ ಸಾಕೆಂಬ ತನ್ನ ಹೇಡಿತನ ಎಷ್ಟು ಎಂದು ಬೇರ್ಪಡಿಸುವಷ್ಟರಲ್ಲಿ ಅತ್ತಿಗೆ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಅವನು ಬಾಗಿ ಅಣ್ಣನ ಭುಜ ತಟ್ಟಿದ. ನೀರಿನೊಳಗಿನಿಂದ ಒಂದು ಕೈ ನಿಧಾನವಾಗಿ ಮೇಲೆ ಬಂದು, ಹೆಬ್ಬೆರಳು ತೋರುಬೆರಳು ಸೇರಿಸಿ, ಎಲ್ಲ ಸರಿಯಿದೆ ಎಂದು ಸುತ್ತು ಮಾಡಿ ತೋರಿಸಿತು.

ಸರಿಯೇನೂ ಇರಲಿಲ್ಲ. ಕಾಲುಗಳು ಮುಳುಗುತ್ತಿದ್ದವು. ಮೈಯಲ್ಲಿದ್ದ ಕೊಬ್ಬೆಲ್ಲ ಕರಗಿ ಹೋದದ್ದರಿಂದ ಹಳೆಯ ತೂಕದ ಲೆಕ್ಕ ಯಾವುದೂ ಕೂಡುತ್ತಿರಲಿಲ್ಲ. ಅವನು ಅಂಗಿಯ ತೋಳು ಮಡಿಚಿ ನೀರಿಗೆ ಕೈ ಹಾಕಿದ. ಸೊಂಟದ ಸೀಸದ ತುಂಡುಗಳಲ್ಲಿ ಒಂದನ್ನು ತೆಗೆದ. ಇನ್ನೊಂದನ್ನು ಬೆನ್ನಿನ ತಟ್ಟೆಯ ಮೇಲಕ್ಕೆ, ಭುಜಗಳ ನಡುವೆ ಸರಿಸಿದ. ಗಾಳಿಚೀಲದ ಭುಜದ ಬದಿಯನ್ನು ಎಲಾಸ್ಟಿಕ್ಕಿನಿಂದ ಬಿಗಿದು ಗಾಳಿ ಮುಂದಕ್ಕೆ ಬಾರದಂತೆ ಮಾಡಿದ. ಕಾಲುಗಳು ಒಂದಿಷ್ಟು ಎದ್ದವು. ಇನ್ನೂ ಒಂದು ಕೂದಲೆಳೆ ಬೇಕು. ಭುಜಪಟ್ಟಿಯನ್ನು ನೀರಿನಲ್ಲಿಯೇ ಎಳೆದು ಯಂತ್ರವನ್ನು ಬೆನ್ನಿಗೆ ಇನ್ನೂ ಹತ್ತಿರ ತಂದ. ಆಗ ಮೈಯೆಲ್ಲ ಒಂದೇ ರೇಖೆಗೆ ಬಂತು. ತಲೆಯಿಂದ ಹಿಮ್ಮಡಿಯ ತನಕ, ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ, ಅಣ್ಣ ನೀರಿನ ನಡುವೆ ತನಗಾಗಿಯೇ ಬಿಟ್ಟ ಜಾಗದಲ್ಲಿ ನಿಂತ. ಹಳೆಯ ಅಣ್ಣ ಹೀಗೆಯೇ ನಿಲ್ಲುತ್ತಿದ್ದ. ನೀರು ಅವನ ಮೈಯ ಕಾಯಿಲೆಯನ್ನು ಮರೆಮಾಡಿತ್ತು, ನೆರಿಗೆಗಳೊಳಗೆಲ್ಲ ಗಾಳಿ ತುಂಬಿ ಮೈ ತುಂಬಿದಂತೆ ಕಾಣುತ್ತಿತ್ತು. ಇವನಿಗೆ ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದ ಮೇಲೆ ಒಂದು ಕೆಲಸ ಕೈಗೆ ಕೂಡಿ ಬಂದಿತ್ತು. ಅತ್ತಿಗೆಯ ಮಾತು, ಡಾಕ್ಟರ ಭುಜ, ಬಸ್ಸಿನ ಕಿಟಕಿ ಎಲ್ಲ ದೂರವಾಗಿ, ಅವನು ಮತ್ತು ಅಳತೆ ಇಬ್ಬರೇ ಉಳಿದರು.

ಮೇಲೆ ಬಂದು ಸ್ಟೂಲಿನ ಮೇಲೆ ಕೂರಿಸಿದಾಗ ಅಣ್ಣನ ಮುಖಕ್ಕೆ ಕೆಂಪು ಬಂದಿತ್ತು. ಯಂತ್ರ ಇಳಿಸಿದರು. ಒದ್ದೆ ಹಾರ್ನೆಸ್ಸು ಮೈಮೇಲೆಯೇ ಇತ್ತು. "ಟವೆಲು ಕಾರಲ್ಲೇ ಬಿಟ್ಟೆ," ಎಂದು ಅತ್ತಿಗೆ ಓಡಿದಳು. ಅವಳ ನಡಿಗೆಯೂ ಹಗುರವಾಗಿತ್ತು.

"ಹೇಗಿತ್ತೋ ಬೆಂಡು?"

"ಒಂದು ಎಳೆ ಆಚೀಚೆ ಇಲ್ಲ," ಅಂದ ಅವನು. ಉಬ್ಬಿಹೋಗಿದ್ದ. ಮಂಡಿಯೂರಿ ಕೂತು ಬಲಗಡೆಯ ಬಕಲನ್ನು ನೋಡಿದ. ಪಟ್ಟಿ ಎಲ್ಲಿ ಕೂಡಿತ್ತೋ ಅಲ್ಲಿಯೇ ನಿಂತಿತ್ತು, ಜಾರಿರಲಿಲ್ಲ. ಮೂಳೆಯ ಮೇಲೆ ಎರಡು ಬೆರಳು ಆಡುವಷ್ಟು ಸಡಿಲ, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವನು ಬಾಲವನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಬಕಲಿನಿಂದ ನಾಲ್ಕು ಬೆರಳು ಇಟ್ಟು ನೋಡಿ, ತೊಟ್ಟಿಯ ಅಂಚಿನಲ್ಲಿದ್ದ ದೊಡ್ಡ ಕತ್ತರಿ ತೆಗೆದು ಕತ್ತರಿಸಿದ. ಲೈಟರು ಹಚ್ಚಿ ತುದಿಗೆ ಹಿಡಿದ. ಒದ್ದೆ ನೈಲಾನು ಸುಂಯ್ ಎಂದು, ಕರಗಿ, ಕಪ್ಪು ಅಂಟಾಯಿತು. ಲೈಟರು ಆರಿಸಿ, ಬಿಸಿ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದಾಗ ಅವನಿಗೆ ತಾನು ಏನು ಮಾಡಿದೆ ಎನ್ನುವುದು ಗೊತ್ತಾಯಿತು.

ಹೆಬ್ಬೆರಳು ಸುಡುತ್ತಿತ್ತು, ಅವನು ತೆಗೆಯಲಿಲ್ಲ. ಕತ್ತರಿಸಿದ ಪಟ್ಟಿ ನೆಲದ ಒದ್ದೆಯಲ್ಲಿ ಸುರುಳಿ ಬಿಚ್ಚಿಕೊಂಡು ಬಿದ್ದಿತ್ತು. ತಲೆಯೆತ್ತುವ ಧೈರ್ಯವಿಲ್ಲದೆ ಅಣ್ಣನ ಪಾದಗಳನ್ನೇ ನೋಡಿದ. ಇಷ್ಟು ಹೊತ್ತು ತಾಳ ಹಾಕುತ್ತಿದ್ದ ಬಲಗಾಲು ನಿಂತಿತ್ತು.

"ಹಳೇದಾಗಿತ್ತು ಆ ತುದಿ," ಅಂದ. "ನೂಲು ಬಿಟ್ಕೊಂಡಿತ್ತು. ಹೊಸ ಪಟ್ಟಿ ಹಾಕ್ತೀನಿ, ಉದ್ದದ್ದು. ತೂಕ ಬಂದ ಮೇಲೆ..."

"ಹಳೇದಾಗಿತ್ತಾ?"

"ಹೂಂ."

ಅಣ್ಣ ಬಾಗಿ, ಬಾಗುವುದಕ್ಕೆ ಕಷ್ಟಪಟ್ಟು, ನೆಲದಿಂದ ಆ ತುಂಡನ್ನು ಎತ್ತಿಕೊಂಡ. ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ನೂಲೂ ಬಿಟ್ಟಿರಲಿಲ್ಲ.

"ನಿನ್ನ ಬಾಯಿಗೆ ಸುಳ್ಳು ಬರಲ್ಲ ಬೆಂಡು. ಕೈಗಂತೂ ಮೊದಲೇ ಬರಲ್ಲ."

ಹೊರಗೆ ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ತಗಡಿನ ಮಾಡಿನಿಂದ ಎಲ್ಲಿಯೋ ಆವಿ ಕಟ್ಟಿ ತೊಟ್ಟಿಕ್ಕುತ್ತಿತ್ತು. ಏನಾದರೂ ಹೇಳಬೇಕು, ಕಾಲಾದರೂ ಹಿಡಿದುಕೊಳ್ಳಬೇಕು ಎಂದು ಅವನಿಗೆ ಅನಿಸಿತು. ಎದುರಿಗೇ ಇದ್ದ ಕಾಲುಗಳನ್ನು ಹಿಡಿದುಕೊಳ್ಳಲಿಲ್ಲ.

"ಅವಳಿಗೂ ಗೊತ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಡಾಕ್ಟರು ಹೇಳಿದಾಗ ನೀನು ಜೊತೇಲಿ ಇದ್ಯಾ?"

"ಇದ್ದೆ."

"ಹಾಗಾದ್ರೆ ಪರವಾಗಿಲ್ಲ. ಒಬ್ಬಳೇ ಇದ್ದಳೇನೋ ಅಂದ್ಕೊಂಡೆ." ಅಣ್ಣ ಪಟ್ಟಿಯ ತುಂಡನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮುಖದ ಕೆಂಪು ಇಳಿದುಹೋಗಿತ್ತು. ಬಂದದ್ದು ಬಿಸಿನೀರಿನ ಕೆಂಪು ಮಾತ್ರ. ತುಟಿ ಒಂದು ಸಲ ಅಲ್ಲಾಡಿತು, ನಗುವುದಕ್ಕೆ ಹೊರಟದ್ದು ಅಲ್ಲಿಗೇ ನಿಂತಿತು. ಮಳೆಗಾಲಕ್ಕೆ ಮೊದಲು ಒಳಗೆ ಹೋಗುವ ಮಾತನ್ನು ಈಗ ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ಯೋಚಿಸುತ್ತಿದ್ದನೋ, ಏನನ್ನೂ ಯೋಚಿಸುತ್ತಿರಲಿಲ್ಲವೋ. ಆಮೇಲೆ ಎಡತೋಳನ್ನು ಮೈಯಿಂದ ದೂರ ಎತ್ತಿದ, ಅಳತೆಗೆ ನಿಂತವರು ಎತ್ತುವ ಹಾಗೆ.

"ಆ ಕಡೇದೂ ಕತ್ತರಿಸು."

"ಬೇಡ ಅಣ್ಣ."

"ಕತ್ತರಿಸೋ. ಒಂದು ಕಡೆ ಬಾಲ ಬಿಟ್ಕೊಂಡು ಕೂತ್ಕೊಳ್ಳೋಕಾಗುತ್ತಾ? ಅವಳು ಬರೋದ್ರೊಳಗೆ ಮುಗಿಸು."

ಅವನು ಮಂಡಿಯ ಮೇಲೆಯೇ ಆ ಕಡೆಗೆ ಸರಿದ. ಪಟ್ಟಿ ಹಿಡಿದ. ನಾಲ್ಕು ಬೆರಳು ಇಟ್ಟ. ಕತ್ತರಿ ಬಾಯಿ ತೆರೆದುಕೊಂಡು ಪಟ್ಟಿಯನ್ನು ಹುಡುಕುತ್ತ ಅತ್ತಿತ್ತ ಹೋಯಿತು. ಕೈ ಅಷ್ಟು ನಡುಗುತ್ತಿತ್ತು. ಅಣ್ಣ ಇನ್ನೊಂದು ಕೈಯಿಂದ ಅವನ ಮೊಣಕೈ ಹಿಡಿದ, ಗುಹೆಯೊಳಗೆ ಹಿಡಿದ ಹಾಗೆಯೇ, ಹೆಬ್ಬೆರಳು ಒಳಗೆ, ಬೆರಳುಗಳು ಹೊರಗೆ. ಆ ಕೈಯೂ ನಡುಗುತ್ತಿತ್ತು. ಈ ಸಲ ಯಾರದು ಎಂದು ಕೇಳಬೇಕಾಗಿರಲಿಲ್ಲ. ಎರಡೂ ಸೇರಿ ಕತ್ತರಿಯನ್ನು ಪಟ್ಟಿಗೆ ತಂದ ಮೇಲೆ ಅವನು ಕತ್ತರಿಸಿದ, ತುದಿ ಸುಟ್ಟ, ಒತ್ತಿದ, ಹಾರ್ನೆಸ್ಸು ಬಿಚ್ಚಿ ಪಕ್ಕಕ್ಕಿಟ್ಟ. ಅಣ್ಣ ಎರಡು ತುಂಡುಗಳನ್ನೂ ಪಕ್ಕದಲ್ಲಿದ್ದ ಕೋಟಿನ ಜೇಬಿಗೆ ತುರುಕಿದ.

ಅತ್ತಿಗೆ ಟವೆಲು, ಒಣಬಟ್ಟೆ, ಮತ್ತೊಂದು ಸ್ವೆಟರು ಎಲ್ಲವನ್ನೂ ಎದೆಗವಚಿಕೊಂಡು ಬಂದಳು. ಬಂದವಳೇ ಗಂಡನ ತಲೆ ಒರೆಸುತ್ತ, ಗಂಡನ ತಲೆಯ ಮೇಲಿನಿಂದ ಇವನ ಕಡೆ ನೋಡಿದಳು.

"ಆಯ್ತಾ? ಉಳಿದಿದ್ದನ್ನ ಮಡಿಚಿಟ್ಯಾ?"

ಅವನು ಕತ್ತರಿಯ ನೀರು ಒರೆಸತೊಡಗಿದ.

"ಇಟ್ಟಿದಾನೆ ಕಣೆ," ಅಂದ ಅಣ್ಣ, ಟವೆಲಿನ ಒಳಗಿನಿಂದ. "ಬೇಕಾದಷ್ಟು ಬಿಟ್ಟಿದಾನೆ. ನೀನು ಬಡಿಸೋ ಥರ ಬಡಿಸಿದರೆ ಅದೂ ಸಾಲದೆ ಬರುತ್ತೆ ನೋಡು."

ಅವಳು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ನಗುತ್ತಲೇ ಗಂಡನ ಕಿವಿಯೊಳಗೆಲ್ಲ ಒರೆಸಿದಳು, ಸೂಟು ಬಿಚ್ಚಿದಳು, ಅಂಗಿ ತೊಡಿಸಿದಳು. ಮಳೆಗೆ ಮೊದಲು ಅಂದರೆ ಇನ್ನೂ ಸಮಯ ಇದೆ, ಅಷ್ಟರಲ್ಲಿ ತೂಕ ಬಂದೇ ಬರುತ್ತೆ, ಅಂದಳು. ಅಣ್ಣ ಹೂಂ ಅಂದ. ಇವನು ಹಾರ್ನೆಸ್ಸನ್ನು ಎತ್ತಿಕೊಂಡು, ತುದಿಗಳು ಕಾಣದಂತೆ ಒಳಗೆ ಮಾಡಿ ಸುತ್ತಿ, ಚೀಲಕ್ಕೆ ಹಾಕಿದ. ಹೊರಗಿನ ಮೆಟ್ಟಿಲ ತನಕ ಚೀಲ ಹಿಡಿದುಕೊಂಡು ಅವರ ಹಿಂದೆ ಹೋದ. ಅತ್ತಿಗೆ ಎಂದಿನಂತೆ ಮೊದಲು ಇಳಿದು, ತಿರುಗಿ, ಬಲಗಡೆಗೆ ನಿಂತು ಕೈ ಚಾಚಿದಳು. ಅಣ್ಣನ ಬಲಗೈ ಕೋಟಿನ ಜೇಬಿನಲ್ಲಿತ್ತು, ಮುಷ್ಟಿ ಉಬ್ಬಿ ಕಾಣುತ್ತಿತ್ತು. ಅವನು ಅದನ್ನು ಹೊರಗೆ ತೆಗೆಯಲಿಲ್ಲ.

"ಈ ಕಡೆ ಬಾ," ಅಂದ.

ಅವಳು ಸುತ್ತಿಬಂದು ಎಡಗೈ ಹಿಡಿದುಕೊಂಡಳು.